ಹಿನ್ನೀರಿನ ಮೇಲೊಂದು ಸೇತುವೆ

ಕೊಂಡಾಪುರದಿಂದ ಜೂಬಿಲಿ ಹಿಲ್ಸ್ ಕಡೆಗೆ ಹೋಗಿ ಬರುವ ವಾಚಕರು ದುರ್ಗಂ ಚೆರುವಿನ ಸೇತುವೆಯನ್ನು ಕಂಡೇ ಇರುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ತೆರೆದ ಈ ಸೇತುವೆಯ ನಡುವಣ ಅಂಕಣ ಸುಮಾರು 234 ಮೀಟರು. ಅದೇ ಬಗೆಯ ಸೇತುವೆಯೊಂದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 2025ರ ಜುಲೈ 14ರಂದು ತೆರೆಯಿತು. ಅದರ ಹಿಂದೆ ಅರುವತ್ತು ವರ್ಷಗಳ ಕಥೆಯಿದೆ.

ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ವಿದ್ಯುತ್ತು ದೊರೆಯಿತು. ಕಣಿವೆಯ ಗದ್ದೆ, ತೋಟ, ಮನೆಗಳು ಮುಳುಗಿದುವು. ತುಮರಿ, ಸಿಗಂದೂರುಗಳ ಕಡೆಯ ಜನ ಹಿನ್ನೀರಿನ ಆಚೆ ಉಳಿದರು. ಭೂಗೋಳದ ಲೆಕ್ಕದಲ್ಲಿ ಅದು ದ್ವೀಪವಲ್ಲ, ಕಾಡುಬೆಟ್ಟಗಳ ಸುತ್ತುದಾರಿ ಇದ್ದೇ ಇದೆ. ಆದರೆ ತಾಲ್ಲೂಕು ಕಚೇರಿಗೋ ಆಸ್ಪತ್ರೆಗೋ ಹೋಗಬೇಕಾದವರಿಗೆ ಲಾಂಚೇ ಗತಿ. ಸಂಜೆ ಲಾಂಚು ನಿಂತ ಮೇಲೆ ಹೆರಿಗೆಯ ನೋವು ಬಂದರೆ ಏನು ಮಾಡಬೇಕು? ಮಳೆ ಕೈಕೊಟ್ಟ ವರ್ಷ ಬೇಸಗೆಯಲ್ಲಿ ನೀರಿಳಿದು, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು.

ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಈ ಸೇತುವೆಯ ಉದ್ದ ಸುಮಾರು 2.44 ಕಿಲೋಮೀಟರು, ವೆಚ್ಚ ಸುಮಾರು 472 ಕೋಟಿ ರೂಪಾಯಿ. ಇಷ್ಟು ಉದ್ದಕ್ಕೂ ಹತ್ತಿರ ಹತ್ತಿರ ಕಂಬ ನಿಲ್ಲಿಸಬಹುದಾಗಿತ್ತಲ್ಲ ಎಂದು ಕೇಳಬಹುದು. ಆಳವಾದ ನೀರಿನಲ್ಲಿ ಪ್ರತಿಯೊಂದು ಕಂಬವೂ ಕಷ್ಟದ ಕೆಲಸ, ದುಬಾರಿಯ ಕೆಲಸ. ಆದುದರಿಂದ ಆಳವಿರುವ ಕಡೆ ಕಂಬಗಳನ್ನು ದೂರ ದೂರ ನಿಲ್ಲಿಸಿ, ಅವುಗಳ ಮೇಲೆ ಗೋಪುರವೆತ್ತಿ, ಗೋಪುರದಿಂದ ಓರೆಯಾಗಿ ಇಳಿಬಿಟ್ಟ ಉಕ್ಕಿನ ಕಂಬಿಗಳಿಂದ ರಸ್ತೆಯನ್ನು ಎತ್ತಿಹಿಡಿಯುತ್ತಾರೆ.

ಅಡ್ಡೆಯ ಎರಡು ತುದಿಗೂ ಹಗ್ಗ ಕಟ್ಟಿ ಹೊರೆ ಹೊರುವವನನ್ನು ನೆನೆಯಿರಿ. ಎರಡು ಕಡೆಯೂ ಸಮಭಾರವಿದ್ದರೆ ಅವನು ನೆಟ್ಟಗೆ ನಡೆಯುತ್ತಾನೆ. ಒಂದು ಕಡೆ ಹೆಚ್ಚಾದರೆ ವಾಲುತ್ತಾನೆ. ಗೋಪುರವೂ ಹಾಗೆಯೇ. ಅದರ ಎಡಕ್ಕೊಂದು ತುಂಡು ರಸ್ತೆ ಸೇರಿಸಿದರೆ ಬಲಕ್ಕೂ ಒಂದು ಸೇರಿಸುತ್ತ ಹೋಗಬೇಕು. ಕಂಬಿಗೆ ಬೀಳುವುದು ಎಳೆತ, ಅದನ್ನು ಉಕ್ಕು ಚೆನ್ನಾಗಿ ತಡೆಯುತ್ತದೆ. ಗೋಪುರಕ್ಕೆ ಬೀಳುವುದು ಹೆಚ್ಚಾಗಿ ಒತ್ತಡ, ಅದಕ್ಕೆ ಕಾಂಕ್ರೀಟು ಸರಿ. ಭಾರವೆಲ್ಲ ಗೋಪುರದಿಂದ ಕಂಬಕ್ಕೆ, ಕಂಬದಿಂದ ನೀರಿನ ತಳದ ಅಡಿಪಾಯಕ್ಕೆ ಇಳಿಯುತ್ತದೆ. ನೀರು ಏರಲಿ, ಇಳಿಯಲಿ, ಮೇಲಿನ ದಾರಿಗೆ ಅದರ ಹಂಗಿಲ್ಲ.

ಮುಳುಗಡೆಯ ಬದುಕನ್ನು ತಿಳಿಯಬಯಸುವವರು ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನು ಓದಬೇಕು. ಗಿರೀಶ್ ಕಾಸರವಳ್ಳಿಯವರು ಅದನ್ನು ಚಲನಚಿತ್ರವಾಗಿಯೂ ಮಾಡಿದ್ದಾರೆ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ತೆರೆಯಲು ಆಗ ಇನ್ನೂ ಆರು ತಿಂಗಳಿತ್ತು.