ಜೀವಕೋಶಗಳ ಅಂಚೆಚೀಲ

ಹಾರ್ಮೋನುಗಳು ರಕ್ತದಲ್ಲಿ ಹರಿದುಹೋಗಿ ದೂರದ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುವುದನ್ನು ನಾವು ಪಾಠದಲ್ಲಿ ಓದಿರುವೆವು. ಇದಲ್ಲದೆ ಇನ್ನೊಂದು ದಾರಿಯೂ ಉಂಟು. ಕೋಶವು ತನ್ನ ಪ್ರೋಟೀನು, ಆರ್‌ಎನ್‌ಎ ಮೊದಲಾದುವುಗಳನ್ನು ಪೊರೆಯ ಪುಟ್ಟ ಸಂಚಿಗಳಲ್ಲಿ ಕಟ್ಟಿ ಹೊರಕ್ಕೆ ಕಳುಹುತ್ತದೆ. ಇವೇ ಎಕ್ಸೊಸೋಮುಗಳು. ವ್ಯಾಸ ಸುಮಾರು 30ರಿಂದ 150 ನ್ಯಾನೊಮೀಟರು. ಒಂದು ಮಿಲಿಮೀಟರಿನ ಉದ್ದಕ್ಕೆ ಹತ್ತು ಸಾವಿರದಷ್ಟನ್ನು ಸಾಲಾಗಿ ಇಡಬಹುದು. ನಮ್ಮ ಶಾಲೆಯ ಸೂಕ್ಷ್ಮದರ್ಶಕಕ್ಕೆ ಇವು ಕಾಣವು.

1983ರಲ್ಲಿ ಕೆನಡದ ರೋಸ್ ಜಾನ್‌ಸ್ಟೋನ್ ಅವರ ತಂಡವು ಕುರಿಯ ಎಳೆಯ ಕೆಂಪು ರಕ್ತಕಣಗಳನ್ನು ಪರೀಕ್ಷಿಸುತ್ತಿದ್ದಿತು. ಕಣವು ಬಲಿತಂತೆ, ಕಬ್ಬಿಣವನ್ನು ಒಳತರಲು ನೆರವಾಗುವ ಪ್ರೋಟೀನು ಅದಕ್ಕೆ ಬೇಡವಾಗುತ್ತದೆ; ಅದನ್ನು ಸಂಚಿಗಳಲ್ಲಿ ಹೊರಹಾಕುವುದು ಕಂಡುಬಂದಿತು. ಅಮೆರಿಕದ ಫಿಲಿಪ್ ಸ್ಟಾಲ್ ಅವರ ತಂಡವೂ ಅದೇ ವರ್ಷ ಇದನ್ನೇ ಕಂಡಿತು. ಮನೆಯ ಕಸ ಬೀದಿಗೆ ಬಿದ್ದಂತೆ ಎಂದು ಬಹುಕಾಲ ಹಲವರು ಭಾವಿಸಿದರು. ಆದರೆ 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಲಿಯ ಕೋಶಗಳ ಸಂಚಿಗಳನ್ನು ಮನುಷ್ಯನ ಕೋಶಗಳಿಗೆ ಒದಗಿಸಿದಾಗ, ಅವು ಇಲಿಯ ಪ್ರೋಟೀನುಗಳನ್ನೇ ತಯಾರಿಸಿದವು! ಕಸವೆಂದುಕೊಂಡದ್ದು ಓಲೆಯಾಗಿದ್ದಿತು.

ಕ್ಯಾನ್ಸರಿನ ಕೋಶಗಳೂ ಇಂಥ ಓಲೆಗಳನ್ನು ಕಳುಹುತ್ತವೆ. ಅವು ರಕ್ತದಲ್ಲಿಯೂ ಮೂತ್ರದಲ್ಲಿಯೂ ದೊರೆಯುವುದರಿಂದ ವೈದ್ಯರು ನಡುವೆಯೇ ತೆರೆದು ಓದಬಹುದು. ಪ್ರಾಸ್ಟೇಟ್ ಕ್ಯಾನ್ಸರಿನ ಸಂಶಯವಿದ್ದಾಗ ನೆರವಾಗುವ ಒಂದು ಮೂತ್ರಪರೀಕ್ಷೆ ಅಮೆರಿಕದಲ್ಲಿ ಬಳಕೆಗೆ ಬಂದಿದೆ. ಸಂಚಿಗಳಲ್ಲಿ ಔಷಧವನ್ನು ತುಂಬಿ ಕಳುಹುವ ಪ್ರಯೋಗಗಳೂ ನಡೆದಿವೆ.

ವ್ಯಾಪಾರಿಗಳು ಮಾತ್ರ ವಿಜ್ಞಾನಕ್ಕಿಂತ ಮುಂದೆ ಓಡಿದರು. ಎಕ್ಸೊಸೋಮುಳ್ಳದ್ದೆಂದು ಮಾರಿದ ವಸ್ತುಗಳಿಂದ ನೆಬ್ರಾಸ್ಕದಲ್ಲಿ ಚಿಕಿತ್ಸೆ ಪಡೆದ ಕೆಲವರು ತೀವ್ರ ತೊಂದರೆಗೆ ಗುರಿಯಾದರು. ಅಂಥ ಯಾವ ವಸ್ತುವಿಗೂ ತಾನು ಒಪ್ಪಿಗೆಯಿತ್ತಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2019ರ ಡಿಸೆಂಬರಿನಲ್ಲಿ ಸಾರಿತು.