ಹೇರ್ ಡೈ ಅಲರ್ಜಿ: ಪೊಟ್ಟಣ ಒಲೆಗೆ ಹಾಕುವ ಮುನ್ನ

ಮದುವೆಯೋ ಜಾತ್ರೆಯೋ ಹತ್ತಿರ ಬಂತೆಂದರೆ ಅಂಗಡಿಗಳಲ್ಲಿ ಹೇರ್ ಡೈ ಪೊಟ್ಟಣಗಳಿಗೆ ಬೇಡಿಕೆ ಏರುತ್ತದೆ. ಬಾಬಾಬುಡನ್‌ಗಿರಿಯ ದಾರಿಯಲ್ಲಿರುವ ಅತ್ತಿಗುಂಡಿಯಂಥ ಸಣ್ಣ ಊರಿನಲ್ಲೂ ಅಷ್ಟೆ. ಸಂಜೆ ಕಲಸಿ ಹಚ್ಚಿಕೊಂಡು, ಖಾಲಿ ಪೊಟ್ಟಣವನ್ನು ಬಚ್ಚಲೊಲೆಗೆ ಹಾಕಿ, ಬಿಸಿನೀರಲ್ಲಿ ತಲೆ ತೊಳೆದರೆ ಕೆಲಸ ಮುಗಿಯಿತು. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಮಾರನೆಯ ದಿನವೋ ಅದರಾಚೆಯ ದಿನವೋ ನೆತ್ತಿ ಉರಿಯತೊಡಗುತ್ತದೆ, ಕಿವಿಯ ಹಿಂದೆ ಕೆಂಪಾಗಿ ನೀರು ಒಸರುತ್ತದೆ, ರೆಪ್ಪೆ ಊದಿ ಕಣ್ಣು ತೆರೆಯಲಾಗುವುದಿಲ್ಲ. ಆಗ ಮನೆಯಲ್ಲಿ ಕೇಳುವ ಮಾತು ಒಂದೇ: ‘ಮೈಗೆ ಆಗಿಬರಲಿಲ್ಲ, ಏನು ಮಾಡೋದು?’

ಮಾಡಬಹುದಾದ್ದು ಬಹಳ ಇದೆ. ನಮ್ಮ ಮೈಯ ಗುಣ ನಮ್ಮದೇ, ನಿಜ. ಆದರೆ ಕೆಲವರ ಮೈಗೆ ಇದು ಆಗಿಬರುವುದಿಲ್ಲ ಎಂಬುದು ತಯಾರಕರಿಗೆ ಮೊದಲೇ ಗೊತ್ತು. ಹಾಗೆ ಗೊತ್ತಿದ್ದುದನ್ನು ನಮಗೆ ಅರ್ಥವಾಗುವಂತೆ ತಿಳಿಸುವ ಹೊಣೆಯನ್ನು ಕಾನೂನು ಅವರ ಮೇಲೆ ಹೊರಿಸಿದೆ.

ಮೊದಲು ಜೀವ, ಆಮೇಲೆ ಕಾನೂನು. ಉರಿ ಶುರುವಾದ ಕೂಡಲೇ ಬಣ್ಣವನ್ನು ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ಅತ್ತಿಗುಂಡಿಯಿಂದ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೆ ಬರಲು ಘಾಟಿ ರಸ್ತೆ ಇಳಿಯಬೇಕು. ಮಳೆ, ಮಂಜಿನ ದಿನಗಳಲ್ಲಿ ತಡಮಾಡುವುದು ಅಪಾಯ. ಯಾವ ಡೈ, ಯಾವತ್ತು ಹಚ್ಚಿದ್ದು, ಎಷ್ಟು ಹೊತ್ತಿಗೆ ಊತ ಬಂತು ಎಂಬುದನ್ನು ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ‘ಚರ್ಮದ ಅಲರ್ಜಿ’ ಎಂದಷ್ಟೇ ಬರೆದ ಚೀಟಿಗೂ ‘ಹೇರ್ ಡೈ ಬಳಕೆಯ ನಂತರ’ ಎಂದು ಬರೆದ ಚೀಟಿಗೂ ಮುಂದೆ ಅಜಗಜಾಂತರ. ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿ ಹೇಳುತ್ತದೆ.

ಈ ಉರಿ, ಊತಕ್ಕೆಲ್ಲ ಕಾರಣ ಸಾಮಾನ್ಯವಾಗಿ ಪ್ಯಾರಾ-ಫೆನಿಲಿನ್‌ಡಯಮೈನ್ ಎಂಬ ರಾಸಾಯನಿಕ. ಚಿಕ್ಕದಾಗಿ ಪಿಪಿಡಿ. ಕಡುಗಪ್ಪು ಬಣ್ಣ ಕೂದಲಲ್ಲಿ ನಿಲ್ಲುವುದು ಇದರಿಂದಲೇ. ಹಲವು ಬಾರಿ ಏನೂ ಮಾಡದೆ, ಒಂದು ಸಲ ಇದ್ದಕ್ಕಿದ್ದಂತೆ ತಿರುಗಿ ಬೀಳುವುದು ಇದರ ಸ್ವಭಾವ. ‘ಅಮೋನಿಯಾ ಇಲ್ಲ’ ಎಂದು ಬರೆದಿದ್ದರೆ ಪಿಪಿಡಿ ಇಲ್ಲ ಎಂದಾಗುವುದಿಲ್ಲ. ‘ಕಪ್ಪು ಮೆಹಂದಿ’ ಎಂಬ ಹೆಸರನ್ನಂತೂ ನಂಬಲೇಬೇಡಿ. ಮದರಂಗಿ ಸೊಪ್ಪು ಕೊಡುವುದು ಕೆಂಪು ಬಣ್ಣ.

ಈಗ ಪೊಟ್ಟಣಕ್ಕೆ ಬರೋಣ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ 2020ರಲ್ಲಿ ಬಂದ ಕಾಂತಿವರ್ಧಕ ನಿಯಮಗಳು ಹೇರ್ ಡೈಗೆಂದೇ ಪ್ರತ್ಯೇಕ ಎಚ್ಚರಿಕೆ ವಿಧಿಸಿವೆ. ಇದರಿಂದ ಕೆಲವರ ಚರ್ಮಕ್ಕೆ ತೊಂದರೆಯಾಗಬಹುದು, ಮೊದಲು ಪರೀಕ್ಷಿಸಿ ನೋಡಬೇಕು, ಹುಬ್ಬು-ರೆಪ್ಪೆಗೆ ಹಚ್ಚಿದರೆ ಕಣ್ಣೇ ಹೋಗಬಹುದು ಎಂಬ ಮಾತುಗಳು ಒಳ, ಹೊರ ಎರಡೂ ಲೇಬಲ್‌ಗಳ ಮೇಲೆ ಇರಬೇಕು. ಪರೀಕ್ಷೆ ಮಾಡುವ ಕ್ರಮವನ್ನು ಪೊಟ್ಟಣದ ಜೊತೆಯಲ್ಲೇ ಕೊಡಬೇಕು. ಇವೆರಡೂ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗಳಲ್ಲೂ ಇರಬೇಕು. ಎಂದರೆ ನಮ್ಮ ಅಂಗಡಿಯಲ್ಲಿ ಮಾರುವ ಡೈ ಮೇಲೆ ಕನ್ನಡದ ಎಚ್ಚರಿಕೆಯನ್ನು ಕೇಳುವುದು ನಮ್ಮ ಹಕ್ಕು, ಅಭಿಮಾನದ ಮಾತಷ್ಟೇ ಅಲ್ಲ. ಇಂಗ್ಲಿಷ್ ಓದಲು ಬಾರದ ತೋಟದ ಕಾರ್ಮಿಕ ಮಹಿಳೆಗೆ ಇಂಗ್ಲಿಷಿನಲ್ಲಿ ಕೊಟ್ಟ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಿಯಮದಲ್ಲಿ ಒಂದು ಕಿಂಡಿಯೂ ಇದೆ. 30 ಗ್ರಾಂಗಿಂತ ಕಡಿಮೆಯ ಪುಡಿ, 60 ಮಿಲಿಲೀಟರಿಗಿಂತ ಕಡಿಮೆಯ ದ್ರವ ಇರುವ ಪೊಟ್ಟಣಗಳ ಮೇಲೆ ಘಟಕಾಂಶಗಳ ಪಟ್ಟಿ ಹಾಕಬೇಕಾಗಿಲ್ಲ. ಹಳ್ಳಿಯಲ್ಲಿ ಬಡವರು ಕೊಳ್ಳುವುದು ಇಂಥ ಸಣ್ಣ ಪೊಟ್ಟಣಗಳನ್ನೇ. ಒಳಗೇನಿದೆ ಎಂದು ತಿಳಿಯಬೇಕಾದವರಿಗೇ ತಿಳಿಯದಂತಾಗುವ ಈ ವಿನಾಯಿತಿ ಅನ್ಯಾಯದ್ದು. ಆದರೆ ವಿನಾಯಿತಿ ಘಟಕಾಂಶದ ಪಟ್ಟಿಗಷ್ಟೇ. ಚರ್ಮದ ಎಚ್ಚರಿಕೆಯನ್ನು ಯಾವ ಅಳತೆಯ ಪೊಟ್ಟಣದಲ್ಲೂ ಬಿಡುವಂತಿಲ್ಲ.

ಪರೀಕ್ಷೆ ಸುಲಭ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ತೊಳೆದು, ಕಲಸಿದ ಡೈಯನ್ನು ಚೂರು ಹಚ್ಚಿ, ಒಣಗಲು ಬಿಟ್ಟು, 24 ಗಂಟೆಯ ಮೇಲೆ ತೊಳೆದು ನೋಡುವುದು. ಪ್ರತಿ ಸಲವೂ ಮಾಡಬೇಕು. ಅಲರ್ಜಿ ಎರಡು ಮೂರು ದಿನ ತಡೆದೂ ತಲೆಯೆತ್ತುವುದರಿಂದ ಇನ್ನೆರಡು ದಿನ ಕಾದರೆ ಇನ್ನೂ ಒಳ್ಳೆಯದು. ಪರೀಕ್ಷೆಗೆ ಕಾನೂನಿನ ಮುಖವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 87 ವಸ್ತುವನ್ನು ದುರ್ಬಳಕೆ ಮಾಡಿಕೊಂಡವರ ಎದುರು ಮಾರಾಟಗಾರರಿಗೆ ರಕ್ಷಣೆ ಕೊಡುತ್ತದೆ. ‘ಸೂಚನೆ ಕೊಟ್ಟಿದ್ದೆವು, ಅವರು ಪಾಲಿಸಲಿಲ್ಲ’ ಎಂಬ ಉತ್ತರ ಖಂಡಿತ ಬರುತ್ತದೆ. ಆ ಸೂಚನೆ ಕನ್ನಡದಲ್ಲಿ ಇರಲೇ ಇಲ್ಲ ಎಂದು ತೋರಿಸಬಲ್ಲದ್ದು ಪೊಟ್ಟಣವೊಂದೇ. ಒಲೆಗೆ ಹಾಕಬೇಡಿ ಎನ್ನುವುದು ಅದಕ್ಕೇ.

ಈ ಗ್ರಾಹಕ ಸಂರಕ್ಷಣಾ ಕಾಯ್ದೆಯ 6ನೇ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಯದು. ಸರಿಯಾದ ಬಳಕೆಯ ಸೂಚನೆ, ಎಚ್ಚರಿಕೆ ಸಾಕಷ್ಟು ಇಲ್ಲದಿದ್ದರೆ ತಯಾರಕರು ಕಲಂ 84ರಂತೆ ಹೊಣೆ. ಪಾರ್ಲರ್ ಅಥವಾ ಸಲೂನಿನಲ್ಲಿ ಹಣ ಕೊಟ್ಟು ಹಚ್ಚಿಸಿಕೊಂಡಿದ್ದರೆ, ಎಚ್ಚರಿಸದೆ ಹಚ್ಚಿದವರು ಕಲಂ 85ರಂತೆ ಹೊಣೆ. ಪೊಟ್ಟಣದ ಮೇಲೆ ವಿಳಾಸವಿಲ್ಲದೆ ತಯಾರಕರು ಯಾರೆಂದೇ ಗೊತ್ತಾಗದಿದ್ದರೆ ಅಂಗಡಿಯವರೇ ಉತ್ತರ ಹೇಳಬೇಕು. ಅದು ಕಲಂ 86. ಗಂಡ ತಂದದ್ದನ್ನು ಹೆಂಡತಿ ಹಚ್ಚಿಕೊಂಡರೂ ಆಕೆ ಗ್ರಾಹಕಿಯೇ. ಪಕ್ಕದ ಮನೆಯವರು ಪುಕ್ಕಟೆಯಾಗಿ ಹಚ್ಚಿಕೊಟ್ಟದ್ದು ಮಾತ್ರ ಸೇವೆ ಎನಿಸುವುದಿಲ್ಲ.

ದೂರನ್ನು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬಹುದು. ಕಂಪನಿ ಮುಂಬೈಯಲ್ಲಿರಲಿ, ಡೈ ಮೂಡಿಗೆರೆಯಲ್ಲಿ ಕೊಂಡದ್ದಿರಲಿ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಾಗದಲ್ಲೇ ದಾವೆ ಹೂಡುವ ಅವಕಾಶ ಈಗಿನ ಕಾಯ್ದೆಯಲ್ಲಿದೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಘಟನೆಯಾದ 2 ವರ್ಷದೊಳಗೆ ಸಲ್ಲಿಸಬೇಕು. ಮೊದಲ ಹೆಜ್ಜೆಯಾಗಿ 1915 ಸಹಾಯವಾಣಿಗೆ ದೂರು ಕೊಟ್ಟು ನೋಡಬಹುದು, ಅಲ್ಲೇ ಇತ್ಯರ್ಥವಾಗುವುದೂ ಉಂಟು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ; ಸಹಾಯವಾಣಿ 15100.

ಪುರಾವೆಯ ಬೆಲೆ ಎಷ್ಟೆಂದು ತಿಳಿಯಲು ದೆಹಲಿಯ ಒಂದು ಪ್ರಕರಣ ಸಾಕು. ಹೋಟೆಲೊಂದರ ಸಲೂನಿನಲ್ಲಿ ಹೇಳಿದ್ದಕ್ಕಿಂತ ಗಿಡ್ಡವಾಗಿ ಕೂದಲು ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ಘೋಷಿಸಿತ್ತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸೇವೆಯ ಲೋಪವನ್ನು ಒಪ್ಪಿಕೊಂಡಿತಾದರೂ, ಅಷ್ಟು ಮೊತ್ತಕ್ಕೆ ಆಧಾರವಿಲ್ಲವೆಂದು ಅದನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು. ಹಾಗಾಗಿ ಊತದ ಫೋಟೋವನ್ನು ದಿನಾಂಕದೊಂದಿಗೆ ತೆಗೆದಿಡಿ. ಔಷಧದ ಬಿಲ್ಲು, ಬಸ್ಸು-ಜೀಪಿನ ಖರ್ಚು ಬರೆದಿಡಿ. ಕಾಫಿ ಕೊಯ್ಲಿನ ಕಾಲದಲ್ಲಿ ಕೆಲಸ ತಪ್ಪಿದರೆ ತೋಟದ ಹಾಜರಿ ಲೆಕ್ಕದ ಪ್ರತಿ ಕೇಳಿ; ಹೋದ ಕೂಲಿಯನ್ನು ಪರಿಹಾರದಲ್ಲಿ ಕೇಳಬಹುದು. ಅಂಗಡಿಯವರು ಬಿಲ್ಲು ಕೊಡದಿದ್ದರೆ ಫೋನ್‌ಪೇ, ಗೂಗಲ್‌ಪೇ ಪಾವತಿಯ ದಾಖಲೆಯೂ ನೆರವಿಗೆ ಬರುತ್ತದೆ. ಉಳಿದ ಡೈಯನ್ನು ಹಾಗೇ ಕಟ್ಟಿಡಿ, ಸಿಕ್ಕರೆ ಅದೇ ಬ್ಯಾಚಿನ ಒಡೆಯದ ಪೊಟ್ಟಣ ಒಂದನ್ನು ಕೊಂಡಿಡಿ. ಆಯೋಗವೇ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕಲಂ 26ರಂತೆ, ಕೊಂಡವರು ತಾವೇ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿಯುಳ್ಳ ವರದಿ ಪಡೆಯಲೂಬಹುದು. ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ತಯಾರಕರ ವಿಳಾಸ ಇಲ್ಲದ ಸರಕು ಕಂಡರೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆದು ಕೊಡಿ.

ಪೊಲೀಸ್ ಠಾಣೆಯ ದಾರಿಯೂ ಇದೆ. 2023ರ ಮಾರ್ಚ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ, ಪಾರ್ಲರ್ ಮೇಕಪ್ಪಿನ ನಂತರ ಮದುಮಗಳೊಬ್ಬಳ ಮುಖ ಊದಿ ಕಪ್ಪಾಗಿ ಆಸ್ಪತ್ರೆ ಸೇರಿದ್ದು, ದೂರು ದಾಖಲಾದದ್ದು ಸುದ್ದಿಯಾಗಿತ್ತು. ದುಡುಕಿನಿಂದ, ನಿರ್ಲಕ್ಷ್ಯದಿಂದ ಮತ್ತೊಬ್ಬರಿಗೆ ಗಾಯ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಅನ್ವಯಿಸುತ್ತದೆ. ಆದರೆ ಆ ದಾರಿ ಶಿಕ್ಷೆಯ ಕಡೆಗೆ ಹೋಗುವಂಥದ್ದು. ಚಿಕಿತ್ಸೆಯ ಖರ್ಚು, ಕಳೆದ ಕೂಲಿ ಬೇಕೆನ್ನುವವರಿಗೆ ಗ್ರಾಹಕ ಆಯೋಗವೇ ಸರಿ.

ಆಯೋಗವು ದೂರನ್ನು ಎದುರಿನವರಿಗೆ ನೋಟಿಸು ತಲುಪಿದ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನಡೆಯುವಾಗ ಹೆಚ್ಚು ಕಾಲ ಹಿಡಿಯಬಹುದು, ಎದೆಗುಂದಬೇಡಿ. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಂಪನಿಯೇ ಮೇಲ್ಮನವಿ ಹೋದರೆ ಆದೇಶಿಸಿದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆದೇಶವಾದರೂ ಹಣ ಕೊಡದೆ ಸತಾಯಿಸುವವರಿಗೆ ಅದೇ ಕಾಯ್ದೆಯ ಕಲಂ 72ರಂತೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.