ಶಾಲಾ ವಿಜ್ಞಾನ ಸಂಘಕ್ಕೆ ಹೊಸ ಸದಸ್ಯರು: ಅನುಭವ ಕಲಿಸಿದ ಪಾಠಗಳು

ಪ್ರೌಢಶಾಲೆಯ ವಿಜ್ಞಾನ ಸಂಘವೆಂದರೆ ವಿಜ್ಞಾನ ಶಿಕ್ಷಕರೊಬ್ಬರ ಮಾರ್ಗದರ್ಶನದಲ್ಲಿ, ಪಠ್ಯಪುಸ್ತಕದ ಆಚೆಗಿನ ಪ್ರಯೋಗ, ವೀಕ್ಷಣೆ, ರಸಪ್ರಶ್ನೆ, ವಸ್ತುಪ್ರದರ್ಶನ ಮುಂತಾದವನ್ನು ವಿದ್ಯಾರ್ಥಿಗಳೇ ಮುಂದೆ ನಿಂತು ನಡೆಸುವ ಗುಂಪು. ಕರ್ನಾಟಕದ ಬಹುಪಾಲು ಪ್ರೌಢಶಾಲೆಗಳಲ್ಲಿ 8, 9 ಮತ್ತು 10ನೆಯ ತರಗತಿಗಳು ಮಾತ್ರ ಇರುವುದರಿಂದ ಇಂಥ ಸಂಘದ ಸದಸ್ಯರು ಮೂರೇ ವರ್ಷಗಳಲ್ಲಿ ಪೂರ್ಣವಾಗಿ ಬದಲಾಗುತ್ತಾರೆ. ಅದರಲ್ಲಿಯೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಿದ್ಧತೆಯ ಕಾರಣದಿಂದ 10ನೆಯ ತರಗತಿಯವರು ದಸರಾ ರಜೆಯ ನಂತರ ಸಂಘದಿಂದ ದೂರ ಸರಿಯುತ್ತಾರೆ. ಹೀಗಾಗಿ ಸಂಘದ ಅಳಿವು ಉಳಿವು ಪ್ರತಿ ಜೂನ್ ತಿಂಗಳಲ್ಲಿ 8ನೆಯ ತರಗತಿಗೆ ಹೊಸದಾಗಿ ಬಂದು ಸೇರುವ ಮಕ್ಕಳನ್ನು ಅವಲಂಬಿಸಿದೆ. ಪ್ರಸ್ತುತ ಲೇಖನವು ಇಂಥ ಸಂಘವನ್ನು ನಡೆಸಿದ ಅನುಭವವನ್ನು ಆಧರಿಸಿದ್ದು, ಹೊಸಬರನ್ನು ಸೇರಿಸಿಕೊಳ್ಳುವಾಗ ಕಂಡುಬಂದ ಸಂಗತಿಗಳನ್ನು ಕ್ರಮವಾಗಿ ಪರಿಶೀಲಿಸುತ್ತದೆ.

ರೂಢಿಯಲ್ಲಿರುವ ಕ್ರಮವೆಂದರೆ ಬೆಳಗಿನ ಪ್ರಾರ್ಥನೆಯ ವೇಳೆ ಆಸಕ್ತರು ಹೆಸರು ಕೊಡಬೇಕೆಂದು ಪ್ರಕಟಿಸುವುದು. ಆದರೆ 8ನೆಯ ತರಗತಿಯ ಮಕ್ಕಳು ಸುತ್ತಲಿನ ಹಲವು ಹಿರಿಯ ಪ್ರಾಥಮಿಕ ಶಾಲೆಗಳಿಂದ ಬಂದವರಾಗಿದ್ದು, ಹೊಸ ಶಾಲೆಯ ಶಿಕ್ಷಕರ ಪರಿಚಯವಾಗಲಿ ಪಕ್ಕದಲ್ಲಿ ಕುಳಿತವರ ಗುರುತಾಗಲಿ ಇನ್ನೂ ಆಗಿರದ ಆ ದಿನಗಳಲ್ಲಿ ಎದ್ದು ನಿಂತು ಹೆಸರು ಹೇಳುವ ಧೈರ್ಯ ಅವರಲ್ಲಿ ಕೆಲವರಿಗೆ ಮಾತ್ರ ಇರುತ್ತದೆ. ಪರಿಣಾಮವಾಗಿ ಹೆಚ್ಚು ಅಂಕ ಪಡೆಯುವ ಕೆಲವರು ಹಾಗೂ ಅವರ ಗೆಳೆಯರಷ್ಟೇ ಮುಂದೆ ಬರುತ್ತಾರೆ. ವಿಜ್ಞಾನದಲ್ಲಿ ಕಡಿಮೆ ಅಂಕ ಪಡೆದ, ಆದರೆ ಕೆಟ್ಟ ಟಾರ್ಚನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ ಹುಡುಗ, ಹಿತ್ತಿಲಿನ ಹುಳುಹುಪ್ಪಟೆಗಳನ್ನು ಗಂಟೆಗಟ್ಟಲೆ ನೋಡುತ್ತ ಕೂರುವ ಹುಡುಗಿ ಈ ಕರೆ ತಮಗಲ್ಲವೆಂದು ಸುಮ್ಮನಾಗುತ್ತಾರೆ. ಸಂಘಕ್ಕೆ ನಿಜವಾಗಿ ಬೇಕಾದವರೇ ಹೊರಗುಳಿಯುವುದು ಈ ಕ್ರಮದ ದೊಡ್ಡ ದೋಷ.

ಇದಕ್ಕೆ ಪರಿಹಾರವೆಂದರೆ ಸಂಘವು ಮಾಡುವ ಕೆಲಸವನ್ನೇ ಎಲ್ಲರ ಕಣ್ಣೆದುರಿಗೆ ಇಡುವುದು. ಬಿಸಿಯೂಟದ ನಂತರದ ಬಿಡುವಿನಲ್ಲಿ, ಶಾಲೆಯ ಜಗಲಿಯ ಮೇಲೆ, 9ನೆಯ ತರಗತಿಯ ಇಬ್ಬರು ಬಿಳಿಯ ಕಾಗದಕ್ಕೆ ಅರಿಸಿನದ ರಾಡಿ ಬಳಿದು ಒಣಗಿಸಿದ ಪಟ್ಟಿಗಳನ್ನು ಹಿಡಿದು ಕುಳಿತರೆ ಸಾಕು, ಮಕ್ಕಳು ತಾವಾಗಿಯೇ ಸುತ್ತುವರಿಯುತ್ತಾರೆ. ಹಳದಿ ಪಟ್ಟಿಯ ಮೇಲೆ ಸಾಬೂನಿನ ನೀರಿನ ಒಂದು ಹನಿ ಬಿದ್ದೊಡನೆ ಆ ಜಾಗ ಕೆಂಪಾಗುತ್ತದೆ. ಅದೇ ಜಾಗಕ್ಕೆ ನಿಂಬೆರಸ ಸೋಕಿಸಿದರೆ ಹಳದಿ ಮರಳುತ್ತದೆ. ಆಮ್ಲ ಮತ್ತು ಪ್ರತ್ಯಾಮ್ಲಗಳನ್ನು ಬಣ್ಣದ ಬದಲಾವಣೆಯ ಮೂಲಕ ತೋರಿಸಿಕೊಡುವ ಇಂಥ ವಸ್ತುವಿಗೆ ಸೂಚಕವೆಂದು ಹೆಸರು. ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದನ್ನು ಮನೆಯಲ್ಲಿ ಕಂಡ ಮಗು, ಹಬ್ಬದ ತಟ್ಟೆಯಲ್ಲಿ ನಡೆದದ್ದೂ ಇದೇ ಎಂದು ತಾನೇ ಕಂಡುಕೊಂಡಾಗ ಅದರ ಮುಖ ಅರಳುತ್ತದೆ. ಆ ಕ್ಷಣದಲ್ಲಿ ಅದರ ಕೈಗೆ ಒಂದು ಪಟ್ಟಿಯನ್ನು ಕೊಟ್ಟು, ಮನೆಯಲ್ಲಿ ಏನೇನನ್ನು ಪರೀಕ್ಷಿಸಬಹುದೆಂದು ಕೇಳಿ ಕಳುಹಿಸಬೇಕು. ಮರುದಿನ ಉತ್ತರ ಹೊತ್ತು ಬರುವ ಮಗುವಿಗೆ ಸದಸ್ಯತ್ವದ ವಿಚಾರ ತಿಳಿಸುವುದು ಆಮೇಲಿನ ಮಾತು.

ಇಡೀ ಶಾಲೆಯನ್ನು ಒಟ್ಟಿಗೆ ಸೆಳೆಯಲು ಆಕಾಶವೇ ಒಂದು ಅವಕಾಶವನ್ನು ಒದಗಿಸುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪ್ರದೇಶಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯನು ಮಧ್ಯಾಹ್ನ ನೇರವಾಗಿ ನೆತ್ತಿಯ ಮೇಲೆ ಬರುವುದರಿಂದ ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಇದನ್ನು ಶೂನ್ಯ ನೆರಳಿನ ದಿನವೆನ್ನುತ್ತಾರೆ. ಕರ್ನಾಟಕದಲ್ಲಿ ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಎರಡನೆಯದು ಶಾಲೆ ನಡೆಯುತ್ತಿರುವಾಗಲೇ, ಬೀದರ್ ಕಡೆ ಆಗಸ್ಟ್ ಆರಂಭದ ಹೊತ್ತಿಗೂ ಬೆಂಗಳೂರಿನಲ್ಲಿ ಆಗಸ್ಟ್ 18ರ ಸುಮಾರಿಗೂ ಬರುತ್ತದೆ. ಮಲೆನಾಡು ಕರಾವಳಿಗಳಲ್ಲಿ ಮೋಡ ಅಡ್ಡಬರುವುದು ಸಾಮಾನ್ಯವಾದರೂ ಬಯಲುಸೀಮೆಯ ಶಾಲೆಗಳಿಗೆ ಇದು ಒಳ್ಳೆಯ ಸಂದರ್ಭ. ಜೂನ್‌ನಲ್ಲಿ ಹಿಂಜರಿದ ಮಕ್ಕಳು ಅಂಗಳದಲ್ಲಿ ನೆರಳನ್ನು ಅಳೆದ ನಂತರ ಸೇರಲು ಬರುವುದುಂಟು. ಆದ್ದರಿಂದ ಸೇರ್ಪಡೆಯ ಬಾಗಿಲನ್ನು ಒಂದೇ ವಾರಕ್ಕೆ ಮುಚ್ಚದೆ ವರ್ಷವಿಡೀ ತೆರೆದಿಡುವುದು ಸೂಕ್ತ.

ಕರೆಯುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಶಿಕ್ಷಕರು ಕರೆದರೆ ಮಕ್ಕಳು ಅದನ್ನು ಆಜ್ಞೆಯೆಂದು ತಿಳಿದು ಬರುತ್ತಾರೆ, ಆಜ್ಞೆ ಸಡಿಲವಾದೊಡನೆ ಬಿಟ್ಟುಹೋಗುತ್ತಾರೆ. ಅದೇ ಊರಿನ, ಅದೇ ಬಸ್ಸಿನಲ್ಲಿ ಬರುವ 9ನೆಯ ತರಗತಿಯ ಅಕ್ಕನೋ ಅಣ್ಣನೋ ಹೆಸರು ಹಿಡಿದು ಕರೆದರೆ ಬಂದವರು ಉಳಿಯುತ್ತಾರೆ. ಹುಡುಗರೇ ಪ್ರಚಾರ ಮಾಡುವ ಸಂಘದಲ್ಲಿ ಹುಡುಗಿಯರ ಸಂಖ್ಯೆ ಕುಗ್ಗುವುದು ಕಂಡುಬಂದಿರುವುದರಿಂದ ಪ್ರತಿ ತರಗತಿಗೂ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ಜೊತೆಯಾಗಿ ಹೋಗಿ ಮಾತನಾಡುವ ಕ್ರಮ ಫಲಕಾರಿಯಾಗಿದೆ.

ಸಭೆಯ ವೇಳೆಯ ವಿಷಯದಲ್ಲಿಯೂ ಎಚ್ಚರ ಬೇಕು. ಸಂಜೆಯ ಗಂಟೆ ಬಾರಿಸಿದ ಮೇಲೆ ಸಭೆ ಕರೆದರೆ ಹಳ್ಳಿಯ ಬಸ್ಸು ಹಿಡಿಯಬೇಕಾದವರು, ಮನೆಗೆ ಹೋಗಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವರು ಬರಲಾರರು. ಆಸಕ್ತಿಯಿಲ್ಲವೆಂದು ಶಿಕ್ಷಕರು ಭಾವಿಸುವ ಗೈರುಹಾಜರಿಯ ಹಿಂದೆ ಎಷ್ಟೋ ಸಲ ಇಂಥ ಕಾರಣವೇ ಇರುತ್ತದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶನಿವಾರದ ಕೊನೆಯ ಅವಧಿಯನ್ನು ಸಂಘಕ್ಕೆ ಮೀಸಲಿಟ್ಟರೆ ಈ ತೊಡಕು ನೀಗುತ್ತದೆ. ಸಂಘದಿಂದ ಓದು ಹಾಳಾಗುವುದೆಂಬ ಪಾಲಕರ ಆತಂಕಕ್ಕೆ ಪಾಲಕರ ಸಭೆಯಲ್ಲಿ ಮಕ್ಕಳಿಂದಲೇ ಪ್ರಯೋಗ ಮಾಡಿಸಿ ತೋರಿಸುವುದು ಸರಿಯಾದ ಉತ್ತರ. ಚಂದಾ ಹಣವನ್ನು ಮಾತ್ರ ಕೇಳಕೂಡದು. ಚಿಕ್ಕ ಮೊತ್ತವೂ ಬಡ ಮಗುವನ್ನು ಬಾಗಿಲಲ್ಲಿಯೇ ತಡೆಯುತ್ತದೆ.

ಸೇರಿದವರನ್ನು ಉಳಿಸಿಕೊಳ್ಳುವ ಬಗೆ ಮೊದಲ ಸಭೆಯಲ್ಲಿಯೇ ತೀರ್ಮಾನವಾಗುತ್ತದೆ. ಅತಿಥಿಗಳ ಭಾಷಣ, ಪದಾಧಿಕಾರಿಗಳ ಆಯ್ಕೆ, ವಂದನಾರ್ಪಣೆಗಳಲ್ಲಿ ಮುಗಿಯುವ ಸಭೆಯಲ್ಲಿ ಹೊಸ ಮಗುವಿಗೆ ಚಪ್ಪಾಳೆ ತಟ್ಟುವುದರ ಹೊರತು ಬೇರೆ ಕೆಲಸವಿರುವುದಿಲ್ಲ. ಅದರ ಬದಲು ಪ್ರತಿಯೊಬ್ಬರಿಗೂ ಚಿಕ್ಕದಾದರೂ ಸ್ವಂತದ್ದಾದ ಒಂದು ಹೊಣೆಯನ್ನು ಅಂದೇ ವಹಿಸಬೇಕು: ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಮಳೆಮಾಪಕದ ಅಳತೆಯನ್ನು ದಿನವೂ ಬರೆಯುವುದು, ಉಷ್ಣಾಂಶವನ್ನು ಕಪ್ಪು ಹಲಗೆಯ ಮೇಲೆ ನಮೂದಿಸುವುದು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆಯ ಒಂದು ಬರಹವನ್ನು ಓದಿ ಹೇಳುವುದು. ಸ್ಥಳೀಯ ಸಮಸ್ಯೆಯೊಂದನ್ನು ಮಕ್ಕಳೇ ಅಧ್ಯಯನ ಮಾಡಿ ವರದಿ ಮಂಡಿಸುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 1993ರಿಂದ ನಡೆದುಬಂದಿದ್ದು, ಅದರ ಸಿದ್ಧತೆಯಲ್ಲಿ 9ನೆಯ ತರಗತಿಯವರೊಂದಿಗೆ 8ನೆಯ ತರಗತಿಯವರನ್ನು ಜೊತೆಗೂಡಿಸಿದರೆ ಮುಂದಿನ ವರ್ಷಕ್ಕೆ ಸಂಘವನ್ನು ನಡೆಸುವವರು ಈ ವರ್ಷವೇ ತಯಾರಾಗುತ್ತಾರೆ.

ಆದುದರಿಂದ ಸಂಘದ ಯಶಸ್ಸನ್ನು ಜೂನ್ ತಿಂಗಳ ಹೆಸರುಪಟ್ಟಿಯ ಉದ್ದದಿಂದ ಅಳೆಯಬಾರದು; ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಎಷ್ಟು ಮಕ್ಕಳು ತಮ್ಮದೇ ಕೆಲಸವನ್ನು ತಮ್ಮದೇ ಮಾತಿನಲ್ಲಿ ವಿವರಿಸುತ್ತಾರೆ ಎಂಬುದೇ ಸರಿಯಾದ ಅಳತೆ. ಹೊಸ ಶೈಕ್ಷಣಿಕ ವರ್ಷದಲ್ಲಿ ಸಂಘ ಕಟ್ಟಲು ಹೊರಡುವ ಶಿಕ್ಷಕರು ಹೆಸರು ಬರೆದುಕೊಳ್ಳುವ ಮೊದಲು ಪ್ರತಿ ಮಗುವಿಗೂ ಕೊಡಬಹುದಾದ ಕೆಲಸದ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಲಿ, ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವಿನ ಹೆಸರನ್ನು ಆ ಪಟ್ಟಿಯಲ್ಲಿ ಮೊದಲು ಬರೆಯಲಿ.